ಏರಿಯ ಮೇಲೊಬ್ಬ ನಿಂತಿರಬೇಕು

ಬೇಸಿಗೆಯ ರಜೆ ಬಂತೆಂದರೆ, ಇಲ್ಲವೇ ಆಷಾಢದ ಗಾಳಿ ಎದ್ದಿತೆಂದರೆ, ಪತ್ರಿಕೆಯ ಮಂಡ್ಯ ಪುಟದ ಮೂಲೆಯಲ್ಲಿ ಒಂದು ಪುಟ್ಟ ಸುದ್ದಿ ಕಾಣಿಸಿಕೊಳ್ಳುವುದು ವಾಡಿಕೆಯಾಗಿಬಿಟ್ಟಿದೆ. ಆಡಲು ಹೋದ ಬಾಲಕ ನಾಲೆಯ ಪಾಲಾದ ಎಂಬ ನಾಲ್ಕು ಸಾಲಿನ ಸುದ್ದಿ. ಮರುದಿನ ಅದು ಮರೆತುಹೋಗುತ್ತದೆ. ಆ ಜಾಗದಲ್ಲಿ ಒಂದು ಎಚ್ಚರಿಕೆಯ ಫಲಕ ಏಳುತ್ತದೆ, ಅಥವಾ ಏಳುವುದಿಲ್ಲ. ಇಂತಹ ಫಲಕಗಳಿಗೆ ಸಹಿ ಹಾಕಿದ ಅಧಿಕಾರಿಗಳಲ್ಲಿ ನಾನೂ ಒಬ್ಬ. ಆದ್ದರಿಂದ ಈ ಬರಹವನ್ನು ಉಪದೇಶವೆಂದು ತಿಳಿಯದೆ, ತಡವಾಗಿ ಬಂದ ತಿಳಿವಳಿಕೆಯೆಂದು ಓದುಗರು ಭಾವಿಸಬೇಕು.

ನಾನು ಹುಟ್ಟಿ ಬೆಳೆದದ್ದು ಮಂಡ್ಯದ ಸಮೀಪದ ವಿ.ಸಿ. ಫಾರಂನಲ್ಲಿ. ವಿ.ಸಿ. ಎಂದರೆ ವಿಶ್ವೇಶ್ವರಯ್ಯ ಕೆನಾಲ್. ಮೊದಲು ವೈಸರಾಯ್ ಇರ್ವಿನ್ ಅವರ ಹೆಸರಿದ್ದ ಈ ನಾಲೆ ಕನ್ನಂಬಾಡಿಯಿಂದ ಹೊರಟು, ಹುಲಿಕೆರೆಯ ಸುರಂಗವನ್ನು ದಾಟಿ, ಮಂಡ್ಯದ ಬೆದ್ದಲು ಸೀಮೆಗೆ ನೀರು ತಂದಿತು. ಹೊಸ ನೀರಾವರಿಯಲ್ಲಿ ಏನು ಬೆಳೆಯಬೇಕು, ಹೇಗೆ ಬೆಳೆಯಬೇಕು ಎಂದು ರೈತರಿಗೆ ತೋರಿಸಿಕೊಡಲು ಹುಟ್ಟಿದ ಸಂಸ್ಥೆ ಈ ಫಾರಂ. ರಾಗಿ ಲಕ್ಷ್ಮಣಯ್ಯನವರು ನಮ್ಮ ನಾಡಿನ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದ್ದು ಇಲ್ಲಿಯೇ. ನಮ್ಮ ತಂದೆಯವರು ಅಲ್ಲಿ ಸಣ್ಣ ನೌಕರಿಯಲ್ಲಿದ್ದರು. ವಸತಿಗೃಹದ ಹಿತ್ತಿಲಿನಿಂದ ನಡೆದರೆ ಗದ್ದೆ, ಗದ್ದೆ ದಾಟಿದರೆ ಕವಲು ನಾಲೆಯ ಏರಿ. ನಮಗೆ ಆಟದ ಮೈದಾನವೆಂದರೆ ಆ ಏರಿಯೇ.

ಆಷಾಢದಲ್ಲಿ ಅಲ್ಲಿ ಎರಡು ಆಟ. ಒಂದು ಗಾಳಿಪಟ. ಹಳೆಯ ಪತ್ರಿಕೆ, ಪೊರಕೆಯ ಕಡ್ಡಿ, ಅಂಟಿಗೆ ಅನ್ನದ ಅಗುಳು, ಬಾಲಂಗೋಸಿಗೆ ಹಳೆಯ ಸೀರೆಯ ಅಂಚು. ಪಟ ಎಷ್ಟೇ ಚೆನ್ನಾಗಿದ್ದರೂ ಸೂತ್ರ ಕಟ್ಟುವುದರಲ್ಲಿ ತಪ್ಪಿದರೆ ಅದು ಗೋತಾ ಹೊಡೆಯುತ್ತಿತ್ತು. ಇನ್ನೊಂದು ಜಾರಾಟ. ಬಾಳೆದಿಂಡಿನ ಪಟ್ಟೆಗಳನ್ನು ಬಿಡಿಸಿ, ಒಳಮೈ ಮೇಲಾಗುವಂತೆ ಏರಿಯ ಇಳಿಜಾರಿನಲ್ಲಿ ಸಾಲಾಗಿ ಹಾಸಿ, ಎರಡೂ ಬದಿಗೆ ಗೂಟ ಹೊಡೆದು, ನೀರು ಚಿಮುಕಿಸಿದರೆ ಜಾರುದಾರಿ ಸಿದ್ಧ. ತೆಂಗಿನ ಗರಿಯ ಬುಡದ ಮೇಲೆ ಕುಳಿತರೆ ಕಣ್ಣು ಮಿಟುಕಿಸುವುದರೊಳಗೆ ಕೆಳಗೆ. ಜಾರುವುದು ಕ್ಷಣದ ಕೆಲಸ, ದಾರಿ ಕಟ್ಟುವುದು ಅರ್ಧ ದಿನದ ಕೆಲಸ. ಆದರೂ ನೆನಪಿನಲ್ಲಿ ಉಳಿದಿರುವುದು ಕಟ್ಟಿದ ಅರ್ಧ ದಿನವೇ.

ಒಮ್ಮೆ ನಮ್ಮಲ್ಲೊಬ್ಬನಿಗೆ ದಾರಿಯನ್ನು ಗದ್ದೆಯ ಕಡೆಗೆ ಬದಲು ನೀರಿನ ಕಡೆಗೆ ಹಾಸುವ ಮನಸ್ಸಾಯಿತು. ತೂಬಿನ ಬಳಿಯ ಕಲ್ಲುಕಟ್ಟಣೆಯ ಮೇಲೆ ಅವನು ಜಾರಿದ. ನೀರಿಗೆ ಬಿದ್ದ. ಈಜು ಬರುತ್ತಿತ್ತು, ಆದರೆ ಕಲ್ಲಿನ ಪಾಚಿ ಅವನನ್ನು ಮೇಲೆ ಹತ್ತಗೊಡಲಿಲ್ಲ. ನಾವು ಕಿರುಚಿದೆವೇ ಹೊರತು ಬೇರೇನೂ ಮಾಡಲಿಲ್ಲ. ಕೆಳಗಿನ ಹೊಂಗೆಯ ಬೇರು ಅವನ ಕೈಗೆ ಸಿಕ್ಕಿತು. ಅಷ್ಟರಲ್ಲಿ ಓಡಿಬಂದ ನೀರುಗಂಟಿ ಪಂಚೆಗೆ ಟವೆಲ್ಲನ್ನು ಗಂಟುಹಾಕಿ ಎಸೆದು ಅವನನ್ನು ಎಳೆದುಕೊಂಡರು.

ಬೆನ್ನಿಗೆ ನಾಲ್ಕು ಬೀಳುತ್ತವೆ ಎಂದು ನಾವು ಕಾದು ನಿಂತಿದ್ದೆವು. ಆದರೆ ಆ ಮನುಷ್ಯ ನಮ್ಮನ್ನು ಏರಿಯ ಮೇಲೆ ಕೂರಿಸಿ, ಒಂದು ಹುಲ್ಲುಕಡ್ಡಿಯನ್ನು ದಡದ ಬಳಿಯೂ ಇನ್ನೊಂದನ್ನು ನಡುನೀರಿಗೂ ಎಸೆದರು. ನಡುವಿನ ಕಡ್ಡಿ ನೋಡುನೋಡುತ್ತಲೇ ಮುಂದೆ ಹೋಯಿತು. "ನೋಡ್ರಲಾ, ಮ್ಯಾಲೆ ಸುಮ್ಕಿದ್ದಂಗೆ ಕಾಣ್ತದೆ, ನಡೂಕೆ ಹೋದ್ರೆ ಎಳಕೊಂಡು ಹೋಯ್ತದೆ. ಹತ್ತಾನ ಅಂದ್ರೆ ಪಾಚಿ ಬುಡಾಕಿಲ್ಲ. ಜಾರೋದಾದ್ರೆ ಗದ್ದೆ ಕಡೀಕೆ ಜಾರಿ. ಒಬ್ಬ ಯಾವಾಗ್ಲೂ ಏರಿ ಮ್ಯಾಲೆ ನಿಂತಿರ್ಬೇಕು" ಎಂದರು. ಅಷ್ಟೆ. ಅಂದಿನಿಂದ ಸರದಿಯ ಮೇಲೆ ಒಬ್ಬನನ್ನು ಏರಿಯ ಮೇಲೆ ನಿಲ್ಲಿಸದೆ ನಾವು ಆಡಲಿಲ್ಲ.

ಐದು ದಶಕಗಳ ನಂತರ ಈ ಮಾತು ನನಗೆ ಮತ್ತೆ ಕೇಳಿಸಿದ್ದು ಅಮೆರಿಕದ ಮಿನೆಸೋಟಾದಲ್ಲಿ. ಮಗ ಅಲ್ಲಿ ನೌಕರಿಯಲ್ಲಿದ್ದಾನೆ. ಕೆಲವು ವರ್ಷಗಳ ಹಿಂದೆ ಫೆಬ್ರುವರಿಯಲ್ಲಿ ನಾವು ದಂಪತಿ ಅವನ ಮನೆಗೆ ಹೋಗಿದ್ದಾಗ, ಒಂದು ಭಾನುವಾರ ಗೆಳೆಯರೊಡನೆ ಮಿಲ್ ಲ್ಯಾಕ್ಸ್ ಎಂಬ ಸರೋವರಕ್ಕೆ ಕರೆದೊಯ್ದ. ನಮ್ಮ ಕನ್ನಂಬಾಡಿಗಿಂತ ಹಲವು ಪಟ್ಟು ದೊಡ್ಡದಾದ ಆ ಸರೋವರ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಬಿಳಿಯ ಬಯಲಾಗುತ್ತದೆ. ಅಲ್ಲಿ ಅವರು ಆಡುವುದು ಸ್ನೋಕೈಟಿಂಗ್. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಕಾಲಿಗೆ ಹಲಗೆ ಕಟ್ಟಿಕೊಂಡು, ಒಂದು ಕೋಣೆಯಷ್ಟು ಅಗಲದ ಬಟ್ಟೆಯ ಪಟವನ್ನು ಹಾರಿಸಿ, ಅದರ ಎಳೆತದಿಂದ ಹಿಮದ ಮೇಲೆ ಸಾಗುವ ಆಟ. ನಮ್ಮ ಪಟಕ್ಕೆ ಒಂದೇ ದಾರ, ಅದಕ್ಕೆ ಉದ್ದನೆಯ ನಾಲ್ಕೈದು ದಾರಗಳು. ಅವೆಲ್ಲ ಬಂದು ಸೇರುವುದು ಕೈಯಲ್ಲಿನ ಒಂದು ಅಡ್ಡಕೋಲಿಗೆ. ಕೋಲನ್ನು ದೂರ ತಳ್ಳಿದರೆ ಎಳೆತ ಕಡಿಮೆಯಾಗುತ್ತದೆ. ಆಪತ್ತು ಬಂದರೆ ಒಂದು ಬಿಡುಗಡೆಯ ಗುಬುಟನ್ನು ತಳ್ಳಬೇಕು, ಪಟ ಗಾಳಿ ಕಳೆದುಕೊಂಡು ನೆಲಕ್ಕೆ ಬೀಳುತ್ತದೆ.

ಅಂದು ಅವರು ಅದಕ್ಕೊಂದು ಜಾರುಹಳಿಯನ್ನೂ ಕಟ್ಟಿದರು. ಸುಮಾರು ಇಪ್ಪತ್ತು ಅಡಿಯ ನುಣುಪಾದ ಕೊಳವೆ, ಅದಕ್ಕೆ ಎರಡು ಕಾಲು. ಹಿಮವನ್ನು ಬಗೆದು ಕಾಲುಗಳನ್ನು ಹೂಳಿ, ತುಳಿದು, ಮೇಲೆ ನೀರು ಸುರಿದರು. ಗಾರೆಯವರು ಕಾಂಕ್ರೀಟು ಹಾಕಿ ಕಾಯುವಂತೆ ಕಾಯುತ್ತ ನಿಂತರು, ಸ್ವಲ್ಪ ಹೊತ್ತಿನಲ್ಲೇ ಅದು ಕಲ್ಲಾಯಿತು. ಹತ್ತಲು ಹಿಮದ ಒಂದು ಚಿಕ್ಕ ದಿಬ್ಬ, ಕೊಳವೆಯ ತುದಿಗಳಿಗೆ ಸ್ಪಂಜಿನ ಸುತ್ತು. ಇಷ್ಟಕ್ಕೂ ಮೊದಲು ಅವರು ಮಾಡಿದ ಕೆಲಸವೆಂದರೆ ಕೋಲಿಗೆ ಪಟ್ಟಿ ಕಟ್ಟಿ ಗಾಳಿಯ ದಿಕ್ಕು ನೋಡಿದ್ದು. ಹಳಿ ಗಾಳಿಗೆ ಅಡ್ಡಲಾಗಿರಬೇಕಂತೆ. ಪಟ ಸವಾರನನ್ನು ಗಾಳಿ ಹೋಗುವತ್ತ ಸೆಳೆಯುತ್ತದೆ, ಆದ್ದರಿಂದ ಆ ದಿಕ್ಕಿನಲ್ಲಿ ಮರ, ಕಾರು, ಮೀನು ಹಿಡಿಯುವವರ ಗುಡಿಸಲು ಯಾವುದೂ ಇರಬಾರದು. ನಾನು ನಿಂತಿದ್ದ ಜಾಗವೇ ತಪ್ಪಾಗಿತ್ತು. "ಅಪ್ಪಾ, ನೀವು ಈ ಕಡೆ ಬನ್ನಿ" ಎಂದು ಮಗ ನನ್ನನ್ನು ಗಾಳಿ ಬರುವ ಬದಿಗೆ ಕರೆದು ನಿಲ್ಲಿಸಿದ.

ಹಳಿಯ ಮೇಲೆ ಜಾರುವುದು ನೋಡಿದಷ್ಟು ಸುಲಭವಲ್ಲ. ಹಿಮದಲ್ಲಿ ಹಲಗೆಯ ಅಂಚು ಕಚ್ಚಿ ಹಿಡಿಯುತ್ತದೆ. ಕೊಳವೆಯ ಮೇಲೆ ಅಂಚಿಗೆ ಹಿಡಿತವಿಲ್ಲ, ಹಲಗೆ ಸಮನಾಗಿ ಕೂರಬೇಕು. ಪಟ ನೆತ್ತಿಯ ಮೇಲೆ ಹೋದರೆ ಸವಾರನನ್ನು ಎತ್ತುತ್ತದೆ, ತೀರ ಕೆಳಗಿಳಿದರೆ ಪಕ್ಕಕ್ಕೆ ಸೆಳೆದು ಬೀಳಿಸುತ್ತದೆ. ಅದನ್ನು ಆಕಾಶದ ನಡುಮಟ್ಟದಲ್ಲಿ ಹಿಡಿದು, ಎಳೆತವನ್ನು ಹದಗೊಳಿಸಿ, ಮಂಡಿ ಬಗ್ಗಿಸಿ, ಕಣ್ಣನ್ನು ಹಳಿಯ ಕೊನೆಯಲ್ಲಿ ನೆಟ್ಟರೆ ಮಾತ್ರ ದಾಟಬಹುದು. ಮಗ ಮೂರು ಸಲ ಬಿದ್ದ, ನಾಲ್ಕನೆಯ ಸಲ ದಾಟಿದ. ಹಳಿಯ ತುದಿಯಲ್ಲಿ ಸರದಿಯ ಮೇಲೆ ಒಬ್ಬ ಗೆಳೆಯ ನಿಂತಿರುತ್ತಿದ್ದ. ಅವನು ಕೈಯೆತ್ತದೆ ಯಾರೂ ಹೊರಡುತ್ತಿರಲಿಲ್ಲ. ಮಧ್ಯಾಹ್ನ ಗಾಳಿ ಬಿಟ್ಟು ಬಿಟ್ಟು ಬೀಸತೊಡಗಿದಾಗ ಅವನು ಕೈಯೆತ್ತಲಿಲ್ಲ. ಯಾರೂ ವಾದಿಸದೆ ಪಟಗಳನ್ನು ಮಡಚಿದರು. ನನಗೆ ವಿ.ಸಿ. ಫಾರಂನ ಏರಿ ಕಣ್ಣಮುಂದೆ ಬಂತು.

ಇದಕ್ಕಿಂತಲೂ ನನ್ನನ್ನು ತಟ್ಟಿದ ಸಂಗತಿ ಬೇರೆ. ಸರೋವರಕ್ಕೆ ಇಳಿಯುವ ಮುನ್ನ ಅವರು ಬೈರಿಗೆಯಿಂದ ರಂಧ್ರ ಕೊರೆದು ಮಂಜುಗಡ್ಡೆಯ ದಪ್ಪವನ್ನು ಅಳೆದಿದ್ದರು. ಎಷ್ಟಿರಬೇಕೆಂದು ನಿಮಗೆ ಹೇಳಿದವರಾರು ಎಂದು ಕೇಳಿದೆ. ಅಲ್ಲಿನ ಸರ್ಕಾರವೇ ಹೇಳುತ್ತದೆ. ನಡೆದುಹೋಗಲು ತಿಳಿಯಾದ ಹೊಸ ಮಂಜುಗಡ್ಡೆ ಕನಿಷ್ಠ 4 ಅಂಗುಲವಿರಬೇಕು, ಬಿಳಿಯ ಗಡ್ಡೆಯಾದರೆ ಅದರ ಎರಡರಷ್ಟು, ವಾಹನಕ್ಕೆ ಇನ್ನೂ ಹೆಚ್ಚು. ಆದರೂ ಯಾವ ಗಡ್ಡೆಯೂ ಸಂಪೂರ್ಣ ಸುರಕ್ಷಿತವಲ್ಲ ಎಂಬ ಸೂಚನೆ ಅಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆಯದು. ಅಲ್ಲಿಯೂ ಮಂಜುಗಡ್ಡೆ ಒಡೆದು ಜನ ಸಾಯುತ್ತಾರೆ, ವಿದೇಶವೆಂದರೆ ಸ್ವರ್ಗವಲ್ಲ. ಆದರೆ ಅಲ್ಲಿನ ಆಡಳಿತ ಪ್ರಜೆಗೆ ಅಪಾಯದ ಅಳತೆಯನ್ನು ತಿಳಿಸುತ್ತದೆ. ನಮ್ಮ ಫಲಕ 'ನಿಷೇಧಿಸಲಾಗಿದೆ' ಎಂಬ ಒಂದು ಪದವನ್ನು ಮಾತ್ರ ತಿಳಿಸುತ್ತದೆ.

ಈಗ ನನ್ನ ತಪ್ಪಿನ ವಿಷಯ. ಸೇವೆಯಲ್ಲಿದ್ದಾಗ ನನ್ನ ವ್ಯಾಪ್ತಿಯ ಒಂದು ಊರಿನಲ್ಲಿ ಶಾಲಾ ಬಾಲಕನೊಬ್ಬ ನಾಲೆಯಲ್ಲಿ ಮುಳುಗಿ ಸತ್ತ. ಊರಿನವರು ಕೇಳಿದ್ದು ಎರಡೇ: ಹತ್ತಿ ಬರಲು ನಾಲ್ಕು ಮೆಟ್ಟಿಲು, ಮಕ್ಕಳಿಗೆ ಆಡಲು ಒಂದಿಷ್ಟು ಜಾಗ. ಮೆಟ್ಟಿಲಿಗೆ ಅಂದಾಜುಪಟ್ಟಿ, ಅನುಮೋದನೆ, ಅನುದಾನ ಬೇಕು. ಜಾಗವೆಂದರೆ ಮತ್ತೊಂದು ಕಡತ. ಫಲಕಕ್ಕಾದರೆ ಒಂದು ಸಹಿ ಸಾಕು. ನಾನು ಫಲಕಕ್ಕೆ ಸಹಿ ಹಾಕಿ ಕಡತ ಮುಕ್ತಾಯಗೊಳಿಸಿದೆ. ಅರ್ಥಶಾಸ್ತ್ರ ಓದಿದವನಾಗಿ ನನಗೆ ತಿಳಿದಿರಬೇಕಿತ್ತು: ಫಲಕ ಅಪಾಯವನ್ನು ಕಡಿಮೆ ಮಾಡುವುದಿಲ್ಲ, ಹೊಣೆಯನ್ನು ಇಲಾಖೆಯಿಂದ ಸತ್ತವನ ಮೇಲೆ ವರ್ಗಾಯಿಸುತ್ತದೆ. ಆ ಬಾಲಕನ ತಾಯಿ ಕಚೇರಿಯ ಮೆಟ್ಟಿಲ ಮೇಲೆ ಕುಳಿತಿದ್ದುದು ಇಂದಿಗೂ ನೆನಪಿದೆ. ಆಕೆ ಓದುಬರಹ ಬಲ್ಲವರಲ್ಲ. ಫಲಕ ಯಾರಿಗಾಗಿ ಬರೆಸಿದ್ದೆನೋ ನನಗೇ ತಿಳಿಯದು.

ನಾಲೆಯ ಏರಿಯ ಕುರಿತು ನಮ್ಮ ಉದಾಸೀನ ಮಕ್ಕಳಿಗೆ ಮಾತ್ರ ಮುಳುವಾಗಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಮಂದಿ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ತಡೆಗೋಡೆಯ ಮಾತು ಆಗ ಜೋರಾಗಿಯೇ ಕೇಳಿಬಂತು. 2023ರಲ್ಲಿ ಅದೇ ನಾಲೆಗೆ ಕಾರುಗಳು ಉರುಳಿ ಮತ್ತೆ ಸಾವುಗಳಾದವು.

ನೀರು ಸೋರದಿರಲೆಂದು ನಾಲೆಗೆ ಕಾಂಕ್ರೀಟಿನ ಹೊದಿಕೆ ಹಾಕುವುದು ಸರಿಯಾದ ಕ್ರಮವೇ. ಆದರೆ ನುಣುಪಾದ ಕಾಂಕ್ರೀಟನ್ನು ಹಿಡಿದು ಹತ್ತಲು ಹೊಂಗೆಯ ಬೇರು ಅಲ್ಲಿ ಇರುವುದಿಲ್ಲ. ಆದ್ದರಿಂದ ಊರುಗಳ ಬಳಿ ಮೆಟ್ಟಿಲು, ಅಲ್ಲಲ್ಲಿ ಅಡ್ಡ ಸರಪಳಿ, ಗೂಟಕ್ಕೆ ಕಟ್ಟಿದ ಹಗ್ಗ ಇವು ಕಾಮಗಾರಿಯ ಅಂದಾಜಿನಲ್ಲಿಯೇ ಸೇರಬೇಕು. ಕಟ್ಟುಪದ್ಧತಿಯಲ್ಲಿ ನೀರು ಬಿಡುವಾಗ ನಿನ್ನೆ ಒಣಗಿದ್ದ ನಾಲೆಯಲ್ಲಿ ಇಂದು ಆಳುದ್ದ ನೀರಿರುತ್ತದೆ. ಬಿಡುವ ದಿನವನ್ನು ರೈತರಿಗೆ ತಿಳಿಸುವಂತೆ ಶಾಲೆಗಳಿಗೂ ತಿಳಿಸಬೇಕು. ಫಲಕ ಬರೆಸುವುದಾದರೆ ಆಳವೆಷ್ಟು, ಹತ್ತುವ ಮೆಟ್ಟಿಲು ಎಷ್ಟು ದೂರದಲ್ಲಿದೆ ಎಂದು ಬರೆಸಬೇಕು. ನಾಲೆ ಸೀಮೆಯ ಪ್ರತಿ ಮಗುವಿಗೂ ಈಜು ಕಲಿಸಬೇಕು, ಈಜಿನಿಂದಷ್ಟೇ ಜೀವ ಉಳಿಯದು ಎಂಬುದನ್ನೂ ಕಲಿಸಬೇಕು. ಎಲ್ಲಕ್ಕೂ ಮೊದಲು ಆಡಲು ಜಾಗ ಕೊಡಬೇಕು. ಜಾಗವಿಲ್ಲದ ಊರಿನಲ್ಲಿ ಮಕ್ಕಳು ಆಟ ಬಿಡುವುದಿಲ್ಲ, ಏರಿಗೆ ಹೋಗುತ್ತಾರೆ.

ಕಳೆದ ಆಷಾಢದಲ್ಲಿ ಫಾರಂ ಕಡೆ ಹೋಗಿದ್ದೆ. ಏರಿಯ ಮೇಲೆ ಐದಾರು ಹುಡುಗರು ಗೊಬ್ಬರದ ಖಾಲಿ ಚೀಲದ ಮೇಲೆ ಕುಳಿತು ಜಾರುತ್ತಿದ್ದರು. ಗದ್ದೆಯ ಕಡೆಗೇ ಜಾರುತ್ತಿದ್ದರೆಂದು ನೋಡಿ ಸಮಾಧಾನವಾಯಿತು. ಏರಿಯ ಮೇಲೆ ಮಾತ್ರ ಯಾರೂ ಇರಲಿಲ್ಲ. ಒಬ್ಬ ಹುಡುಗನನ್ನು ಕರೆದು ಎರಡು ಹುಲ್ಲುಕಡ್ಡಿ ಕೀಳಲು ಹೇಳಿದೆ. ಅವರ ಆಟ ಮುಗಿಯುವವರೆಗೂ ಅಲ್ಲಿಯೇ ನಿಂತಿದ್ದೆ.