ಎರಡನೇ ದಾರಿ ತೆರೆದಿದೆಯೇ?

ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಒಂದು ಡೇಟಾ ಸೆಂಟರ್. ಬೆರಳಚ್ಚು ಒತ್ತಿ ಎರಡು ಬಾಗಿಲು ದಾಟಿದರೆ ಮೊದಲು ಎದುರಾಗುವುದು ಸದ್ದು. ಸಾವಿರಾರು ಪುಟ್ಟ ಫ್ಯಾನ್‌ಗಳು ಬಿಡುವಿಲ್ಲದೆ ತಿರುಗುತ್ತಿರುತ್ತವೆ. ಪಕ್ಕದಲ್ಲಿ ನಿಂತವರಿಗೆ ಮಾತು ಕೇಳಿಸಬೇಕಾದರೂ ದನಿ ಎತ್ತಬೇಕು. ತೂತುಗಳಿರುವ ನೆಲಹಲಗೆಗಳಿಂದ ತಣ್ಣನೆಯ ಗಾಳಿ ಮೇಲೆದ್ದು ಪ್ಯಾಂಟಿನ ಅಂಚನ್ನು ಅಲುಗಾಡಿಸುತ್ತದೆ. ರ‍್ಯಾಕ್‌ಗಳ ಮುಂದಿನ ಓಣಿಯಲ್ಲಿ ಸ್ವೆಟರ್ ಬೇಕೆನ್ನಿಸುವ ಚಳಿ, ಹಿಂದಿನ ಓಣಿಯಲ್ಲಿ ಹಣೆ ಬೆವರುವ ಸೆಕೆ. ಕಿತ್ತಳೆ, ತಿಳಿನೀಲಿ ಬಣ್ಣದ ಫೈಬರ್ ಕೇಬಲ್‌ಗಳು ಕಟ್ಟುಕಟ್ಟಾಗಿ ಇಳಿದು, ಪ್ರತಿಯೊಂದೂ ಕುತ್ತಿಗೆಗೆ ಒಂದು ಚೀಟಿ ಅಂಟಿಸಿಕೊಂಡು ತನ್ನ ತನ್ನ ಜಾಗ ಸೇರಿದೆ.

ಓಣಿಯ ಕೊನೆಯಲ್ಲಿ ಸ್ಟೋರೇಜ್ ಪೆಟ್ಟಿಗೆ ನಿಂತಿದೆ. ಇಎಂಸಿ ಕಂಪನಿ 2011ರಲ್ಲಿ ಹೊರತಂದ ವಿಎನ್‌ಎಕ್ಸ್ ಸರಣಿಯ ಜಾತಿಯದು. ಸಂಬಳದ ಪಟ್ಟಿ, ಗ್ರಾಹಕರ ಖಾತೆ, ಆಸ್ಪತ್ರೆಯ ದಾಖಲೆ ಯಾವುದೇ ಇರಲಿ, ಸುತ್ತಲಿನ ಸರ್ವರ್‌ಗಳು ತಮ್ಮ ಡೇಟಾವನ್ನು ಇಡುವುದೂ ತೆಗೆಯುವುದೂ ಇದರಲ್ಲೇ. ಇನ್ನು ಕೆಲವೇ ವಾರಗಳಲ್ಲಿ ಇದರ ಒಳಗಿನ ಸಾಫ್ಟ್‌ವೇರ್ ಹೊಸದಾಗಬೇಕು, ಅದೂ ಒಂದು ಕ್ಷಣವೂ ಸೇವೆ ನಿಲ್ಲಿಸದೆ. ಇದಕ್ಕೆ ಆನ್‌ಲೈನ್ ಅಪ್‌ಗ್ರೇಡ್ ಎನ್ನುತ್ತಾರೆ.

ಇದು ಸಾಧ್ಯವಾಗುವುದು ಪೆಟ್ಟಿಗೆಯೊಳಗೆ ಎರಡು ಸ್ಟೋರೇಜ್ ಪ್ರೊಸೆಸರ್‌ಗಳು ಇರುವುದರಿಂದ. ಎಸ್‌ಪಿ-ಎ, ಎಸ್‌ಪಿ-ಬಿ ಎಂದು ಅವುಗಳ ಹೆಸರು. ಮೊದಲು ಒಂದಕ್ಕೆ ಹೊಸ ಸಾಫ್ಟ್‌ವೇರ್ ಹಾಕಿ ರೀಬೂಟ್ ಮಾಡುತ್ತಾರೆ. ಆ ಹೊತ್ತಿನಲ್ಲಿ ಅದರ ಸುಪರ್ದಿನಲ್ಲಿದ್ದ ಲನ್‌ಗಳೆಲ್ಲ, ಅಂದರೆ ಸರ್ವರ್‌ಗಳಿಗೆ ಡಿಸ್ಕ್‌ಗಳಾಗಿ ಕಾಣುವ ಡೇಟಾ ಭಾಗಗಳೆಲ್ಲ, ಇನ್ನೊಂದರ ಪಾಲಿಗೆ ಹೋಗುತ್ತವೆ. ಮೊದಲನೆಯದು ಎದ್ದು ನಿಂತ ಮೇಲೆ ಎರಡನೆಯದರ ಸರದಿ. ಶಿರಾಡಿ ಘಾಟಿ ಮುಚ್ಚಿದಾಗ ಮಂಗಳೂರಿನ ಬಸ್ಸುಗಳು ಚಾರ್ಮಾಡಿ ಹಿಡಿಯುವ ಹಾಗೆ, ಡೇಟಾ ಕೂಡ ಆ ಹೊತ್ತಿಗೆ ಇನ್ನೊಂದು ದಾರಿ ಹಿಡಿಯುತ್ತದೆ. ಇನ್ನೊಂದು ದಾರಿ ಇದೆ ಎಂಬುದು ಸರ್ವರ್‌ಗೆ ಗೊತ್ತಿರಬೇಕು, ಆ ದಾರಿ ತೆರೆದಿರಬೇಕು, ಅಷ್ಟೆ. ಆದರೆ ತಯಾರಿಯ ಕೆಲಸವೆಲ್ಲ ಆ 'ಅಷ್ಟೆ'ಯಲ್ಲೇ ಅಡಗಿದೆ.

ಮೂರನೇ ಮಹಡಿಯ ಮೀಟಿಂಗ್ ರೂಮಿನಲ್ಲಿ ಸ್ಟೋರೇಜ್ ತಂಡ ಒಂದು ಎಕ್ಸೆಲ್ ಹಾಳೆಯ ಮುಂದೆ ಕುಳಿತಿದೆ. ಪೆಟ್ಟಿಗೆಗೆ ಸೇರಿಕೊಂಡ ಸರ್ವರ್ ಒಂದೊಂದಕ್ಕೂ ಒಂದು ಸಾಲು. ಯಾವ ಆಪರೇಟಿಂಗ್ ಸಿಸ್ಟಂ, ಯಾವ ವರ್ಷನ್, ಸರ್ವರನ್ನು ಸ್ಟೋರೇಜ್ ಜಾಲಕ್ಕೆ ಜೋಡಿಸುವ ಎಚ್‌ಬಿಎ ಕಾರ್ಡಿನ ಫರ್ಮ್‌ವೇರ್ ಯಾವುದು, ಡ್ರೈವರ್ ಯಾವುದು, ಒಂದು ದಾರಿ ಮುಚ್ಚಿದಾಗ ಇನ್ನೊಂದಕ್ಕೆ ತಿರುಗಿಸುವ ಮಲ್ಟಿಪಾತ್ ಸಾಫ್ಟ್‌ವೇರ್ ಯಾವುದು. ಇವೆಲ್ಲವೂ ಹೊಸ ಸಾಫ್ಟ್‌ವೇರ್‌ನ ಜೊತೆ ಹೊಂದುತ್ತವೆ ಎಂದು ತಯಾರಕರ ಪಟ್ಟಿ ಹೇಳಬೇಕು. ಒಂದು ಹೊಂದಿ ಇನ್ನೊಂದು ಹೊಂದದಿದ್ದರೆ ಆ ಸಾಲಿಗೆ ಕೆಂಪು ಬಣ್ಣ. ರೆಡ್ ಹ್ಯಾಟ್ 6ರ ನಿಯಮಿತ ಬೆಂಬಲ 2020ರ ನವೆಂಬರ್‌ನಲ್ಲೇ ಮುಗಿದಿದೆ. ಆದರೂ ಅದರ ಮೇಲೆಯೇ ಓಡುವ, ಯಾರೂ ಮುಟ್ಟಲು ಹೆದರುವ ಹಳೆಯ ಸರ್ವರ್ ಇಂಥ ಹಾಳೆಗಳಲ್ಲಿ ಒಂದಾದರೂ ಸಿಕ್ಕೇ ಸಿಗುತ್ತದೆ.

ಕೆಂಪು ಸಾಲುಗಳನ್ನು ಹಸಿರು ಮಾಡಬೇಕಾದರೆ ಫೋನ್ ಹಿಡಿಯಬೇಕು.

"ಸರ್, ನಿಮ್ಮ ಡೇಟಾಬೇಸ್ ಸರ್ವರ್ ಭಾನುವಾರ ಬೆಳಿಗ್ಗೆ ಒಂದು ಸಲ ರೀಬೂಟ್ ಆಗ್ಬೇಕು. ಎಚ್‌ಬಿಎ ಡ್ರೈವರ್ ಹಳೇದಿದೆ."

"ಆನ್‌ಲೈನ್ ಅಪ್‌ಗ್ರೇಡ್ ಅಂದಿದ್ರಲ್ಲಾ? ಮತ್ತೆ ನಮ್ಮ ಸರ್ವರ್ ಯಾಕೆ ನಿಲ್ಲಿಸ್ಬೇಕು?"

"ಸ್ಟೋರೇಜ್ ನಿಲ್ಲಲ್ಲ ಸರ್. ಆದ್ರೆ ಅಪ್‌ಗ್ರೇಡ್ ರಾತ್ರಿ ನಿಮ್ಮ ಸರ್ವರ್ ಆ ಕಡೆ ಪಾತ್‌ಗೆ ಹೋಗದೇ ಇದ್ರೆ, ಸ್ಟೋರೇಜ್ ಇದ್ದೂ ನಿಮಗೆ ಇಲ್ಲದ ಹಾಗೆ."

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಮೇಲ್ ಕಳ್ಸಿ, ನೋಡ್ತೀನಿ." ಒಂದು ಪೆಟ್ಟಿಗೆ ನಿಲ್ಲದಿರಲೆಂದು ಹತ್ತಾರು ಸರ್ವರ್‌ಗಳನ್ನು ಮುಂಚಿತವಾಗಿ ಒಂದೊಂದಾಗಿ ನಿಲ್ಲಿಸಬೇಕು. ಹಾಗೆ ನಿಲ್ಲಿಸಲು ಒಪ್ಪಿಗೆ ಕೇಳುವುದೇ ಈ ಕೆಲಸದ ಅತಿ ದೊಡ್ಡ ಪಾಲು.

ನಂತರ ಪಾತ್‌ಗಳ, ಅಂದರೆ ಆ ದಾರಿಗಳ, ಎಣಿಕೆ. ಲಿನಕ್ಸ್ ಸರ್ವರ್‌ನಲ್ಲಿ ಮಲ್ಟಿಪಾತ್ ಕಮಾಂಡ್ ಕೊಟ್ಟರೆ ಒಂದೊಂದು ಲನ್‌ನ ಕೆಳಗೂ ಅದರ ಪಾತ್‌ಗಳು ಸಾಲಾಗಿ ಬಿಚ್ಚಿಕೊಳ್ಳುತ್ತವೆ. ಎರಡು ಎಚ್‌ಬಿಎ ಪೋರ್ಟ್, ಎರಡು ಪ್ರತ್ಯೇಕ ಸ್ವಿಚ್ ಜಾಲ, ಪ್ರತಿ ಜಾಲದಿಂದ ಎರಡೂ ಪ್ರೊಸೆಸರ್‌ಗಳಿಗೆ ಒಂದೊಂದು ಕೊಂಡಿ ಎಂದರೆ ನಾಲ್ಕು ಸಾಲು. ನಾಲ್ಕರ ಮುಂದೆಯೂ 'ಆಕ್ಟಿವ್ ರೆಡಿ ರನ್ನಿಂಗ್' ಎಂದಿರಬೇಕು. ತಂಡದ ಕಿರಿಯ ಇಂಜಿನಿಯರ್ ಪರದೆಯ ಮೇಲೆ ಬೆರಳಿಟ್ಟು ಸಾಲು ಎಣಿಸುತ್ತಾಳೆ. ಒಂದು ಸರ್ವರ್‌ನಲ್ಲಿ ಎರಡು ಸಾಲುಗಳ ಮುಂದೆ 'ಫೇಲ್ಡ್ ಫಾಲ್ಟಿ' ಎಂದಿದೆ. ಎರಡೂ ಒಂದೇ ಪೋರ್ಟ್‌ನಿಂದ ಹೊರಟವು. ಉಳಿದೆರಡು ಪಾತ್‌ಗಳ ಮೇಲೆಯೇ ಸರ್ವರ್ ಇಷ್ಟು ದಿನ ಚೆನ್ನಾಗಿ ಓಡಿದೆ. ಬಳಸುವವರಿಗೆ ಯಾವ ತೊಂದರೆಯೂ ಕಂಡಿಲ್ಲ, ಆದ್ದರಿಂದ ಯಾರೂ ನೋಡಿಲ್ಲ.

ಅವಳು ಟಾರ್ಚ್ ಹಿಡಿದು ಹಿಂದಿನ ಓಣಿಗೆ ಇಳಿಯುತ್ತಾಳೆ. ಕೇಬಲ್‌ನ ಚೀಟಿ ಓದಿ, ಸ್ವಿಚ್ ಕಡೆಯ ತುದಿಯನ್ನು ಮೆಲ್ಲನೆ ಬಿಚ್ಚಿ ಸ್ಕೋಪ್‌ನಲ್ಲಿ ನೋಡುತ್ತಾಳೆ. ಬೆಳಕು ಹರಿಯುವ ಗಾಜಿನ ಎಳೆ 50 ಮೈಕ್ರಾನ್ ಅಗಲದ್ದು, ತಲೆಗೂದಲಿಗಿಂತಲೂ ಸಣ್ಣ. ಅದರ ಮೇಲೆ ಧೂಳಿನ ಒಂದು ಕಣ ಕೂತಿದೆ. ಕ್ಲೀನಿಂಗ್ ಪೆನ್ ಒತ್ತಿದಾಗ 'ಟಕ್' ಎಂಬ ಸದ್ದು. ಮತ್ತೆ ಸಿಕ್ಕಿಸಿದರೆ ಪೋರ್ಟ್‌ನ ಹಸಿರು ದೀಪ ಹತ್ತುತ್ತದೆ. ಮೇಲಿನಿಂದ ಮೆಸೇಜ್ ಬರುತ್ತದೆ: "ನಾಲ್ಕೂ ಬಂತು."

ದಾರಿ ಇದ್ದರೆ ಸಾಲದು, ದಾರಿ ಬದಲಿಸುವಷ್ಟು ತಾಳ್ಮೆಯೂ ಸರ್ವರ್‌ಗೆ ಬೇಕು. ಲಿನಕ್ಸ್ ಸಾಮಾನ್ಯವಾಗಿ ಡಿಸ್ಕ್‌ನ ಉತ್ತರಕ್ಕೆ 30 ಸೆಕೆಂಡ್ ಕಾಯುತ್ತದೆ. ವಿಎಂವೇರ್ ಟೂಲ್ಸ್ ಹಾಕಿದ ವರ್ಚುವಲ್ ಲಿನಕ್ಸ್‌ಗಳಲ್ಲಿ ಅದು 180 ಸೆಕೆಂಡ್. ಒರಾಕಲ್ ಕ್ಲಸ್ಟರ್ ತನ್ನ ವೋಟಿಂಗ್ ಡಿಸ್ಕ್‌ಗಾಗಿ 200 ಸೆಕೆಂಡ್ ತಡೆದುಕೊಳ್ಳುತ್ತದೆ. ಯಾರೋ ಹಿಂದೊಮ್ಮೆ ಈ ಅಂಕಿಗಳನ್ನು ಇಳಿಸಿದ್ದರೆ, ಲನ್‌ಗಳು ಕೈ ಬದಲಿಸುವ ಆ ಕೆಲವು ಸೆಕೆಂಡುಗಳಲ್ಲೇ ಸರ್ವರ್ ಸೋಲೊಪ್ಪಿ ಫೈಲ್ ಸಿಸ್ಟಂ ಅನ್ನು ಓದಲಷ್ಟೇ ಬರುವಂತೆ ಮಾಡಿಬಿಡಬಹುದು. ಅದಕ್ಕೇ ಒಂದೊಂದು ಅಂಕಿಯನ್ನೂ ತೆರೆದು ನೋಡುತ್ತಾರೆ.

ಲೋಡ್‌ನ ಲೆಕ್ಕವೂ ಅಷ್ಟೇ ಮುಖ್ಯ. ಎರಡೂ ಪ್ರೊಸೆಸರ್‌ಗಳು ಅರ್ಧಕ್ಕಿಂತ ಹೆಚ್ಚು ದುಡಿಯುತ್ತಿದ್ದರೆ ಎರಡರ ಹೊರೆಯನ್ನು ಒಂದೇ ಹೊರಲಾರದು. ಜೊತೆಗೆ, ಒಂದು ಪ್ರೊಸೆಸರ್ ಇಲ್ಲದಿರುವಾಗ, ಬರಹಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ರೈಟ್ ಕ್ಯಾಶ್‌ಗೆ ಕನ್ನಡಿ ಪ್ರತಿ ಇರುವುದಿಲ್ಲ. ಬರಹಗಳು ನೇರ ಡಿಸ್ಕ್‌ಗೇ ಹೋಗಿ ನಿಧಾನವಾಗುತ್ತವೆ. ಹಾಗಾಗಿ ಆ ರಾತ್ರಿಗೆ ಬ್ಯಾಕಪ್, ತಿಂಗಳ ಕೊನೆಯ ಬ್ಯಾಚ್, ಆಂಟಿವೈರಸ್ ಸ್ಕ್ಯಾನ್ ಎಲ್ಲಕ್ಕೂ ರಜೆ.

ಕೊನೆಯ ಪರೀಕ್ಷೆಯೇ ಎಲ್ಲಕ್ಕಿಂತ ಧೈರ್ಯದ್ದು. ಸ್ವಿಚ್‌ನಲ್ಲಿ ಒಂದು ಪೋರ್ಟನ್ನು ಬೇಕೆಂದೇ ಡಿಸೇಬಲ್ ಮಾಡುತ್ತಾರೆ. ಪರದೆಯಲ್ಲಿ ಎರಡು ಪಾತ್ ಬೀಳುತ್ತವೆ. ಅಪ್ಲಿಕೇಶನ್ ತಂಡದವರು ಫೋನಿನಲ್ಲೇ ಕಾದಿದ್ದು, "ಏನೂ ಗೊತ್ತಾಗ್ಲಿಲ್ಲ" ಎನ್ನುತ್ತಾರೆ. ಪೋರ್ಟ್ ಮತ್ತೆ ತೆರೆಯುತ್ತಾರೆ, ಪಾತ್‌ಗಳು ಹಿಂದಿರುಗುತ್ತವೆ. ಎಕ್ಸೆಲ್‌ನ ಆ ಸಾಲಿಗೆ ಈಗ ಹಸಿರು ಬಣ್ಣ.

ಈ ಕೆಲಸ ಚೆನ್ನಾಗಿ ನಡೆದರೆ ಯಾರ ಗಮನಕ್ಕೂ ಬರುವುದಿಲ್ಲ. ಭಾನುವಾರ ನಸುಕಿನಲ್ಲಿ ಯಾರೋ ಮೊಬೈಲ್‌ನಲ್ಲಿ ಹಣ ಕಳಿಸುತ್ತಾರೆ, ಆಸ್ಪತ್ರೆಯಲ್ಲಿ ನರ್ಸ್ ಒಬ್ಬರು ರೋಗಿಯ ಹಳೆಯ ವರದಿ ತೆರೆಯುತ್ತಾರೆ, ಎಲ್ಲವೂ ಎಂದಿನಂತೆ ಸಾಗುತ್ತದೆ. ಆದ್ದರಿಂದಲೇ ಇದಕ್ಕೆ ಸಮಯ ಕೇಳಿದಾಗ ಮೇಲಿನವರಿಗೆ ಅದು ಅನಗತ್ಯವೆನಿಸುವುದುಂಟು. ಅಪ್‌ಗ್ರೇಡ್ ರಾತ್ರಿಗೆ ಕೆಲವು ಗಂಟೆ ಮಂಜೂರು ಮಾಡುವ ಸಂಸ್ಥೆಗಳು ಅದರ ಹಿಂದಿನ ಸರ್ವರ್ ತಯಾರಿಗೆ ಕೆಲವು ವಾರಗಳನ್ನೂ ಮಂಜೂರು ಮಾಡಬೇಕು. ಸರ್ವರ್ ನಿಲ್ಲಿಸಲು ಭಾನುವಾರ ಬೆಳಿಗ್ಗೆ ಒಂದು ಗಂಟೆ ಕೇಳಿ ಫೋನ್ ಬಂದರೆ ದಯವಿಟ್ಟು ಕೊಡಿ. ಪರೀಕ್ಷೆ ಮಾಡದ ಪಾತ್ ಅನ್ನು ಲೆಕ್ಕಕ್ಕೆ ಹಿಡಿಯಬೇಡಿ.