ಹಣ್ಣಿನ ನೊಣದ ಜ್ಞಾಪಕಶಕ್ತಿ

ಕಳಿತ ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣದ ಮಿದುಳು ಗಸಗಸೆ ಕಾಳಿಗಿಂತಲೂ ಕಿರಿದು. 2024ರಲ್ಲಿ ಪ್ರಕಟವಾದ ಅದರ ಸಂಪೂರ್ಣ ನಕ್ಷೆಯಲ್ಲಿ ಸುಮಾರು 1,39,000 ನರಕೋಶಗಳೂ ಅವುಗಳ ನಡುವೆ 5 ಕೋಟಿಗೆ ಮಿಕ್ಕ ಸಂಧಿಗಳೂ ಎಣಿಕೆಗೆ ಸಿಕ್ಕಿವೆ. ಇಷ್ಟು ಅಲ್ಪ ಬಂಡವಾಳದಿಂದಲೇ ಅದು ಕಲಿಯುತ್ತದೆ, ನೆನಪಿಡುತ್ತದೆ. ಮುಪ್ಪಿನಲ್ಲಿ ಮರೆಯಲೂ ತೊಡಗುತ್ತದೆ.

ನೊಣಕ್ಕೂ ಪಾಠ ಹೇಳಬಹುದೆಂಬುದನ್ನು 1974ರಲ್ಲಿ ಕ್ಯಾಲಿಫೋರ್ನಿಯದ ಸೀಮೋರ್ ಬೆಂಜರರ ಪ್ರಯೋಗಶಾಲೆ ತೋರಿಸಿಕೊಟ್ಟಿತು. ಒಂದು ವಾಸನೆಯೊಡನೆ ವಿದ್ಯುತ್ತಿನ ಆಘಾತ, ಇನ್ನೊಂದರೊಡನೆ ಏನೂ ಇಲ್ಲ. ಪಾಠ ಕಲಿತ ನೊಣ ಮುಂದೆ ಮೊದಲಿನ ವಾಸನೆಯತ್ತ ಸುಳಿಯಲೊಲ್ಲದು. ಈ ಪಾಠ ತಲೆಗೆ ಹತ್ತದ ತಳಿಯೊಂದು 1976ರಲ್ಲಿ ದೊರೆತು, 'ಡನ್ಸ್', ಎಂದರೆ 'ದಡ್ಡ' ಎಂದು ಹೆಸರಾಯಿತು. ಅದೇ ವರ್ಷ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಒಬೈದ್ ಸಿದ್ದೀಕಿಯವರು ಬೆಂಜರರೊಡಗೂಡಿ, ಶಾಖ ಏರಿದೊಡನೆ ಜಡವಾಗಿ ಬೀಳುವ ನೊಣಗಳ ವಿಷಯವನ್ನು ಪ್ರಕಟಿಸಿದರು. ಅವುಗಳಲ್ಲೊಂದರ ದೋಷ ನರಸಂಧಿಯ ಪ್ರೋಟೀನಿನಲ್ಲಿದೆಯೆಂದು ಮುಂದೆ ತಿಳಿದುಬಂತು.

ನರಸಂಧಿಯೆಂದರೆ ಎರಡು ನರಕೋಶಗಳ ನಡುವಿನ ಅತಿಸೂಕ್ಷ್ಮ ಕಂದಕ. ಸುದ್ದಿಯನ್ನು ಆಚೆಗೆ ದಾಟಿಸುವ ರಾಸಾಯನಿಕವು ಈಚೆಯ ದಡದಲ್ಲಿ ಪೊಟ್ಟಣಗಳಾಗಿ ಸಿದ್ಧವಿರುತ್ತದೆ. ಬ್ಯಾಂಕಿನ ನಗದಿನಂತೆಯೇ ಇದರ ವ್ಯವಸ್ಥೆ. ಒಂದು ಪಾಲು ತಿಜೋರಿಯಲ್ಲಿ, ಒಂದು ಪಾಲು ಕೌಂಟರಿನಲ್ಲಿ. ತಿಜೋರಿಯ ಪೊಟ್ಟಣಗಳನ್ನು ಹಿಡಿದಿಟ್ಟು, ಆಜ್ಞೆ ಬಂದಾಗ ಬಿಟ್ಟುಕೊಡುವ ಪ್ರೋಟೀನು ಸಿನಾಪ್ಸಿನ್. ಕೌಂಟರಿನ ಕಟ್ಟೆಯನ್ನು ಕಟ್ಟುವುದು ಬ್ರುಖ್‌ಪಿಲೋಟ್. ಇದು ಕಡಿಮೆಯಾದ ನೊಣ ನೆಟ್ಟಗೆ ಹಾರಲಾರದಾದ್ದರಿಂದ ಜರ್ಮನರು ಇಟ್ಟ ಹೆಸರು, 'ವಿಮಾನ ಕೆಡಹುವ ಚಾಲಕ' ಎಂದರ್ಥ. ಆಜ್ಞೆಯನ್ನು ಸಾಗಿಸುವ ವಸ್ತುಗಳಲ್ಲಿ ಸೈಕ್ಲಿಕ್ ಎ.ಎಂ.ಪಿ. ಮುಖ್ಯವಾದುದು. ದಡ್ಡ ನೊಣದಲ್ಲಿ ಕೆಟ್ಟಿದ್ದುದು ಅದನ್ನು ಕಾಲಕಾಲಕ್ಕೆ ಅಳಿಸುವ ಕಿಣ್ವ. ಆಜ್ಞೆ ರದ್ದಾಗದಿದ್ದರೆ ಹೊಸ ಆಜ್ಞೆಗೆ ಬೆಲೆಯೆಲ್ಲಿ?

ಪಾಠ ಕಲಿತ ನೊಣವನ್ನು ಕ್ಷಣಕಾಲ ಮಂಜಿನಲ್ಲಿಟ್ಟರೆ ಅದರ ನೆನಪಿನ ಒಂದು ಭಾಗ ಅಳಿದು ಇನ್ನೊಂದು ಉಳಿಯುತ್ತದೆ. ಸಿನಾಪ್ಸಿನ್ ಇಲ್ಲದ ನೊಣಕ್ಕೆ ಅಳಿಯುವ ಬಗೆಯ ನೆನಪು ಮೂಡುವುದಿಲ್ಲವೆಂದು 2010ರಲ್ಲಿಯೂ, ಮಿದುಳಿನ ಅಣಬೆಯಾಕಾರದ ಭಾಗದಲ್ಲಿ ಬ್ರುಖ್‌ಪಿಲೋಟ್ ತಗ್ಗಿದರೆ ಉಳಿಯುವ ಬಗೆಯದು ಕುಂದುತ್ತದೆಂದು 2011ರಲ್ಲಿಯೂ ಕಂಡುಬಂತು. ನೆನಪು ಒಂದೇ ಖಾತೆಯಲ್ಲ.

ಹಾಗಾದರೆ ಈ ಪ್ರೋಟೀನು ಹೆಚ್ಚಿದಷ್ಟೂ ನೆನಪು ಹೆಚ್ಚೆಂದು ತೋರುವುದು ಸಹಜ. ನಿಜಸ್ಥಿತಿ ಬೇರೆ. ಮುದಿ ನೊಣದಲ್ಲಿ ಬ್ರುಖ್‌ಪಿಲೋಟ್ ಏರುತ್ತದೆ, ನೆನಪು ಇಳಿಯುತ್ತದೆ. ಎಳೆಯ ನೊಣದಲ್ಲಿ ಕೃತಕವಾಗಿ ಏರಿಸಿದರೂ ಮುಪ್ಪಿನ ಮರೆವೇ ಬರುತ್ತದೆ. ಆಗಲೇ ತುಂಬಿ ಹೋದ ಸಂಧಿಯಲ್ಲಿ ಹೊಸದನ್ನು ಬರೆಯಲು ತಾವಿಲ್ಲವೆಂದು ಶಾಸ್ತ್ರಜ್ಞರ ಊಹೆ. ಎಚ್ಚರವಿದ್ದಷ್ಟೂ ಈ ಪ್ರೋಟೀನು ಏರುವುದೂ, ನಿದ್ರೆಯಲ್ಲಿ ಇಳಿಯುವುದೂ 2009ರಲ್ಲಿ ಗೊತ್ತಾಯಿತು. ಬೆಳಗಿನ ಲೋಕಲ್ ಹಿಡಿಯಲು ನಿದ್ರೆಯನ್ನು ಮೊಟಕುಗೊಳಿಸುವ ನಗರವಾಸಿಗೆ ಇದು ಅಪ್ರಸ್ತುತವಲ್ಲ.

ಗೋಧಿಯ ಮೊಳಕೆ, ಸೋಯಾ ಮೊದಲಾದವುಗಳಲ್ಲಿರುವ ಸ್ಪರ್ಮಿಡಿನ್ ಎಂಬ ವಸ್ತುವನ್ನು ತಿನ್ನಿಸಿದಾಗ ಮುದಿ ನೊಣದ ಜ್ಞಾಪಕಶಕ್ತಿ ಉಳಿಯಿತೆಂದು 2013ರಲ್ಲಿ ವರದಿಯಾಯಿತು. ಒಡನೆಯೇ ಆಸೆ ಚಿಗುರಿತು. ಆದರೆ ಜರ್ಮನಿಯಲ್ಲಿ 100 ಮಂದಿ ವೃದ್ಧರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ 12 ತಿಂಗಳು ಅದನ್ನಿತ್ತು ನಡೆಸಿದ ಪರೀಕ್ಷೆಯಲ್ಲಿ ಜ್ಞಾಪಕಶಕ್ತಿ ಸುಧಾರಿಸಲಿಲ್ಲವೆಂದು 2022ರಲ್ಲಿ ಪ್ರಕಟವಾಯಿತು. ನೊಣಕ್ಕೆ ಒಗ್ಗಿದ್ದೆಲ್ಲ ಮನುಷ್ಯನಿಗೆ ಒಗ್ಗಬೇಕೆಂದಿಲ್ಲ. ಜ್ಞಾಪಕವರ್ಧಕವೆಂದು ಅಂಗಡಿಗಳಲ್ಲಿ ಮಾರುವ ಸೀಸೆಗಳಿಗೆ ಹಣ ಸುರಿಯುವ ಮುನ್ನ ಇದನ್ನು ಗಮನಿಸುವುದು ಲೇಸು. ಮನೆಯ ಹಿರಿಯರಲ್ಲಿ ಮರೆವು ಹೆಚ್ಚಿದಾಗ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಬಿ-12 ಜೀವಸತ್ವದ ಕೊರತೆ, ಥೈರಾಯಿಡ್ ಗ್ರಂಥಿಯ ಮಾಂದ್ಯ, ಖಿನ್ನತೆ ಇವುಗಳಿಂದಲೂ ಮರೆವು ಬರುವುದುಂಟು. ಇವಕ್ಕೆ ಚಿಕಿತ್ಸೆಯಿದೆ, ಮೊದಲೆರಡನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು.