ಬರಿದಾದ ದ್ವೀಪಕ್ಕೆ ನೆರೆಹೊರೆಯ ನೆರವು

2005ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನ್ ವಿಮಾನ ನಿಲ್ದಾಣದಲ್ಲಿ ಒಂದು ಜಪ್ತಿ ನಡೆಯಿತು. ಸಾಲ ತೀರಲಿಲ್ಲವೆಂದು ಅಮೆರಿಕದ ಬ್ಯಾಂಕೊಂದರ ಪರವಾಗಿ ಬೋಯಿಂಗ್ ವಿಮಾನವೊಂದನ್ನು ತಡೆದು ನಿಲ್ಲಿಸಿದರು. ಸಾಲಗಾರನ ಮನೆಯ ಪಾತ್ರೆ ಪದಾರ್ಥಗಳನ್ನು ಬೀದಿಗಿಡುವುದನ್ನು ನಾವು ಕೇಳಿ ಬಲ್ಲೆವು. ಇಲ್ಲಿ ಸಾಲಗಾರನಾಗಿದ್ದುದು ಒಂದು ಸ್ವತಂತ್ರ ರಾಷ್ಟ್ರ. ಜಪ್ತಿಯಾದುದು ಆ ರಾಷ್ಟ್ರದ ಬಳಿ ಉಳಿದಿದ್ದ ಒಂದೇ ಒಂದು ವಿಮಾನ.

ಆ ರಾಷ್ಟ್ರದ ಹೆಸರು ನೌರು. ಭೂಪಟದಲ್ಲಿ ಹುಡುಕುವವರು ಕನ್ನಡಕವನ್ನು ಒರೆಸಿಕೊಂಡು ಕುಳಿತುಕೊಳ್ಳಬೇಕು. ಶಾಂತಸಾಗರದ ನಟ್ಟನಡುವೆ, ಸಮಭಾಜಕ ವೃತ್ತಕ್ಕೆ ಸುಮಾರು 60 ಕಿಲೋಮೀಟರು ದಕ್ಷಿಣಕ್ಕೆ, ಸೂಜಿಯ ಮೊನೆ ತಾಗಿದಂತಹ ಒಂದು ಚುಕ್ಕೆ. ವಿಸ್ತೀರ್ಣ 21 ಚದರ ಕಿಲೋಮೀಟರು. ಜನಸಂಖ್ಯೆ ಹನ್ನೆರಡು ಸಾವಿರದ ಆಸುಪಾಸು. ತೀರದ ಉದ್ದಕ್ಕೂ ಸುತ್ತಿಬರುವ ರಸ್ತೆಯಲ್ಲಿ ಬೆಳಗಿನ ಕಾಫಿ ಕುಡಿದು ಹೊರಟವನು ಮಧ್ಯಾಹ್ನದ ಊಟಕ್ಕೆ ಹೊರಟಲ್ಲಿಗೇ ಹಿಂತಿರುಗಿ ಬರಬಹುದು. ಅತಿ ಸಮೀಪದ ನೆರೆಯ ದ್ವೀಪವಾದ ಬನಾಬ ಇರುವುದು 300 ಕಿಲೋಮೀಟರು ದೂರದಲ್ಲಿ. ಇಂತಹ ಸ್ಥಳದಲ್ಲಿ ವಿಮಾನವಿಲ್ಲವೆಂದರೆ ಏನರ್ಥವೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇದೇ ನೌರು, ಅದಕ್ಕೆ ಮೂವತ್ತು ವರ್ಷಗಳ ಹಿಂದೆ, ತಲಾ ಆದಾಯದಲ್ಲಿ ಪ್ರಪಂಚದ ಅತ್ಯಂತ ಶ್ರೀಮಂತ ದೇಶಗಳ ಸಾಲಿನಲ್ಲಿತ್ತೆಂದರೆ ನಂಬಲಾದೀತೆ?

ಆ ಐಶ್ವರ್ಯದ ಮೂಲ ಒಂದು ಕಲ್ಲು. ಸಿಡ್ನಿ ನಗರದ ಕಚೇರಿಯೊಂದರಲ್ಲಿ ನೌರುವಿನಿಂದ ತಂದ ಕಲ್ಲೊಂದನ್ನು ಬಾಗಿಲು ಬಡಿದುಕೊಳ್ಳದಿರಲೆಂದು ಆನಿಸಿ ಇಟ್ಟಿದ್ದರು. ಆಲ್ಬರ್ಟ್ ಎಲ್ಲಿಸ್ ಎಂಬಾತ ಅದನ್ನು ಕಂಡು ಸಂಶಯಪಟ್ಟು 1900ರಲ್ಲಿ ಪರೀಕ್ಷೆಮಾಡಿಸಿದನು. ಅದು ಉತ್ತಮ ದರ್ಜೆಯ ಫಾಸ್ಫೇಟ್! ಲಕ್ಷಾಂತರ ವರ್ಷ ಕಡಲಹಕ್ಕಿಗಳ ಹಿಕ್ಕೆ ಬಿದ್ದು ಗಟ್ಟಿಯಾಗಿ ಉಂಟಾದುದೆಂದು ಹೇಳುವುದುಂಟು. ಗೊಬ್ಬರಕ್ಕೆ ಅದಕ್ಕಿಂತ ಬೇರೆ ಬೇಕೆ? ಆಗ ದ್ವೀಪವು ಜರ್ಮನರ ವಶದಲ್ಲಿತ್ತು. ಮೊದಲನೆಯ ಮಹಾಯುದ್ಧದ ತರುವಾಯ ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮೂವರೂ ಕೂಡಿ ಅಗೆದರು. ಆ ಎರಡು ದೇಶಗಳ ಹುಲ್ಲುಗಾವಲುಗಳು ಹಸುರಾದುದು, ಕುರಿಗಳು ಕೊಬ್ಬಿದುದು ನೌರುವಿನ ನೆಲವನ್ನು ಉಂಡು. ನೆಲದ ಒಡೆಯರಿಗೆ ಮೊದಮೊದಲು ಸಂದಾಯವಾದುದು ಟನ್ನಿಗೆ ಅರ್ಧ ಪೆನ್ನಿ.

ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಬಂದು ಸುಮಾರು 1,200 ಮಂದಿ ನೌರುವಾಸಿಗಳನ್ನು ಟ್ರುಕ್ ದ್ವೀಪಕ್ಕೆ ಸಾಗಿಸಿದರು. 1946ನೆಯ ಜನವರಿ 31ರಂದು ಹಿಂತಿರುಗಿದವರು 737 ಮಂದಿ. ಈ ದಿನವನ್ನು ಅವರು ಮರೆಯಲಿಲ್ಲ. 1960ರ ದಶಕದಲ್ಲಿ, ಹೇಗೂ ನೆಲ ತೀರುತ್ತಿದೆ, ನಿಮ್ಮನ್ನೆಲ್ಲ ಆಸ್ಟ್ರೇಲಿಯದ ಕರಾವಳಿಯ ಕರ್ಟಿಸ್ ದ್ವೀಪಕ್ಕೆ ಕರೆದೊಯ್ದು ನೆಲೆಗೊಳಿಸುತ್ತೇವೆಂದು ಆಸ್ಟ್ರೇಲಿಯ ಸರಕಾರ ಹೇಳಿದಾಗ, ಅಲ್ಲಿ ನಾವು ಪ್ರತ್ಯೇಕ ಜನಾಂಗವಾಗಿ ಉಳಿಯಲಾರೆವೆಂದು 1964ರಲ್ಲಿ ಒಲ್ಲೆನೆಂದರು. 1968ರಲ್ಲಿ ಸ್ವಾತಂತ್ರ್ಯ ಬಂದಿತು. ಅದಕ್ಕೆ ಆರಿಸಿಕೊಂಡ ದಿನ ಅದೇ ಜನವರಿ 31. ತಮ್ಮದೇ ನೆಲದ ಗಣಿಯ ಉದ್ಯಮವನ್ನು 2 ಕೋಟಿ 10 ಲಕ್ಷ ಆಸ್ಟ್ರೇಲಿಯನ್ ಡಾಲರು ತೆತ್ತು ಕೊಂಡುಕೊಂಡರು.

ಆಮೇಲಿನದು ಮೆರೆದಾಟದ ಕಾಲ. ತೆರಿಗೆಯಿಲ್ಲ, ವೈದ್ಯ, ವಿದ್ಯೆ ಎರಡೂ ಪುಕ್ಕಟೆ. ಮೆಲ್ಬೋರ್ನಿನಲ್ಲಿ 1977ರಲ್ಲಿ ‘ನೌರು ಹೌಸ್’ ಎಂಬ 52 ಅಂತಸ್ತಿನ ಸೌಧ ಎದ್ದುನಿಂತಿತು. ಸರಕಾರದ ವಿಮಾನಗಳು ಖಾಲಿ ಆಸನಗಳನ್ನೇ ಹೊತ್ತು ದ್ವೀಪದಿಂದ ದ್ವೀಪಕ್ಕೆ ಹಾರಿದವು. ಮುಂದಿನ ಪೀಳಿಗೆಗೆಂದು ಕೂಡಿಟ್ಟ ನಿಧಿ ನೂರು ಕೋಟಿ ಡಾಲರನ್ನು ಮೀರಿತ್ತು. ಸಲಹೆಗಾರರು ಮುತ್ತಿಕೊಂಡರು. 1993ರಲ್ಲಿ ಲಂಡನ್ನಿನಲ್ಲಿ ಲಿಯನಾರ್ಡೊ ದ ವಿಂಚಿಯ ಪ್ರೇಮವನ್ನು ಕುರಿತ ಸಂಗೀತ ನಾಟಕವೊಂದಕ್ಕೂ ಆ ಬೊಕ್ಕಸವೇ ಬಂಡವಾಳ ಹೂಡಿತು. ನಾಟಕ ಕೆಲವೇ ವಾರಗಳಲ್ಲಿ ಬಿದ್ದುಹೋಯಿತು. ನಾಟಕದ ಕಂಪನಿ ಕಟ್ಟಿ ಕೈಸುಟ್ಟುಕೊಂಡ ಶ್ರೀಮಂತರನ್ನು ನಮ್ಮ ನಾಡೂ ಕಂಡಿದೆ. ರಾಷ್ಟ್ರವೇ ಕೈಸುಟ್ಟುಕೊಂಡದ್ದು ವಿರಳ.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂದು ಗಾದೆಯೊಂದನ್ನು ಹೇಳಿ ಈ ಕಥೆಯನ್ನು ಮುಗಿಸಿಬಿಡಬಹುದಾಗಿತ್ತು. ಬಹುಮಂದಿ ಹಾಗೆಯೇ ಮುಗಿಸುತ್ತಾರೆ. ಆದರೆ ಕುಡಿಕೆಯ ಬಹುಪಾಲನ್ನು ನೌರುವಿನವರ ಕೈಸೇರುವ ಮೊದಲೇ ಬೇರೆಯವರು ತೋಡಿಕೊಂಡಿದ್ದರೆಂಬುದನ್ನು ಗಾದೆ ಹೇಳುವುದಿಲ್ಲ. ಹಾಳುಬಿದ್ದ ನೆಲವನ್ನು ಸರಿಪಡಿಸುವ ಹೊಣೆ ಯಾರದೆಂದು ವಿಚಾರಿಸಲು ಶ್ರೀಲಂಕೆಯ ನ್ಯಾಯಕೋವಿದ ವೀರಮಂತ್ರಿಯವರ ಅಧ್ಯಕ್ಷತೆಯಲ್ಲಿ ಆಯೋಗವೊಂದು ಕುಳಿತಿತು. 1989ರಲ್ಲಿ ನೌರು ಆಸ್ಟ್ರೇಲಿಯದ ಮೇಲೆ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1993ರಲ್ಲಿ ಆಸ್ಟ್ರೇಲಿಯ 10 ಕೋಟಿ 70 ಲಕ್ಷ ಡಾಲರು ಕೊಡಲೊಪ್ಪಿ ರಾಜಿಯಾಯಿತು.

ಅಷ್ಟರಲ್ಲಿ ಫಾಸ್ಫೇಟ್ ತೀರುತ್ತ ಬಂದಿತ್ತು. ಕಾಗದದ ಮೇಲಷ್ಟೇ ಇರುವ ನೂರಾರು ಬ್ಯಾಂಕುಗಳಿಗೆ ಪರವಾನಿಗೆ ಮಾರಿ ನೌರು ಕಳ್ಳಹಣದ ಹೆದ್ದಾರಿಯೆಂಬ ಕುಖ್ಯಾತಿಗೂ ಈಡಾಯಿತು. 2004ರಲ್ಲಿ ಸಾಲಿಗರು ನೌರು ಹೌಸನ್ನು ವಶಪಡಿಸಿಕೊಂಡು ಮಾರಿದರು. ದೇಶದ ಒಂದೇ ಬ್ಯಾಂಕಿನಲ್ಲಿ ಹಣವಿಲ್ಲ. ಜನರಿಟ್ಟ ಠೇವಣಿ ಜನರಿಗೇ ಸಿಕ್ಕದು. ಸರಕಾರಿ ನೌಕರರಿಗೆಲ್ಲ ಹುದ್ದೆಯ ಭೇದವಿಲ್ಲದೆ ಒಂದೇ ಸಮನಾದ ಸಣ್ಣ ವೇತನ. ಅಧ್ಯಕ್ಷ ಲುಡ್ವಿಗ್ ಸ್ಕಾಟಿಯವರು ತುರ್ತು ಪರಿಸ್ಥಿತಿಯನ್ನು ಘೋಷಿಸಿ ಚುನಾವಣೆಗೆ ಹೋಗಿ ಗೆದ್ದುಬಂದರು.

ನೆರೆಯವರು ಬಾಗಿಲಿಗೆ ಬಂದುದು ಆ ವರ್ಷವೇ. ಪೆಸಿಫಿಕ್ ದ್ವೀಪರಾಷ್ಟ್ರಗಳ ವೇದಿಕೆಯೆಂಬ ಸಂಸ್ಥೆಯೊಂದುಂಟು. 1971ರಲ್ಲಿ ಅದನ್ನು ಹುಟ್ಟುಹಾಕಿದ ಏಳು ದೇಶಗಳಲ್ಲಿ, ಆಗ ಹಣವಂತನಾಗಿದ್ದ ನೌರುವೂ ಒಂದು. ಸದಸ್ಯರಲ್ಲಿ ಯಾರಿಗಾದರೂ ವಿಪತ್ತು ಬಂದರೆ ಉಳಿದವರು ಕೂಡಿ ನೆರವಾಗಬೇಕೆಂದು 2000ದಲ್ಲಿ ಕಿರಿಬಾಟಿಯ ಬಿಕೆಟಾವಾ ಎಂಬಲ್ಲಿ ಅವರು ಒಂದು ಘೋಷಣೆಯನ್ನು ಮಾಡಿಕೊಂಡಿದ್ದರು. ಅದರ ಬಲದ ಮೇಲೆಯೇ 2003ರಲ್ಲಿ, ಕಲಹದಲ್ಲಿ ಬೆಂದಿದ್ದ ಸಾಲೊಮನ್ ದ್ವೀಪಗಳಿಗೆ ಪೊಲೀಸರೂ ಸೈನಿಕರೂ ಹೋಗಿದ್ದರು. 2004ರ ಆಗಸ್ಟಿನಲ್ಲಿ ಸಮೋವದ ಆಪಿಯ ನಗರದಲ್ಲಿ ಸೇರಿದ ನಾಯಕರು ಅದೇ ಘೋಷಣೆಯನ್ನು ನೌರುವಿಗೂ ಅನ್ವಯಿಸಿದರು. ಇಲ್ಲಿ ಬಂದೂಕು ಬೇಕಿರಲಿಲ್ಲ, ಲೆಕ್ಕದ ಪುಸ್ತಕ ಬೇಕಾಗಿತ್ತು. ಮುಂದಿನ ನಾಲ್ಕೈದು ವರ್ಷ ಆಯವ್ಯಯವನ್ನು ಹದಕ್ಕೆ ತರುವುದು, 20 ವರ್ಷಗಳ ಅಭಿವೃದ್ಧಿಯ ಯೋಜನೆಯನ್ನು ಸಿದ್ಧಪಡಿಸುವುದು, ದಾನಿ ದೇಶಗಳನ್ನು ಒಂದೆಡೆ ಕೂಡಿಸುವುದು, ಇವು ಆ ನೆರವಿನ ಕೆಲಸಗಳಾದವು.

ಖರ್ಚಿನ ಹೆಚ್ಚಿನ ಭಾರವನ್ನು ಹೊತ್ತವರು ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳೇ. ಹಾಗಾದರೆ ಟೊಂಗ, ಸಮೋವಗಳಂತಹ ಸಣ್ಣ ದೇಶಗಳು ಏತಕ್ಕೆ ಬೇಕಾಗಿದ್ದವು? ನನಗೆ ತೋರುವಂತೆ ಇಡೀ ಪ್ರಸಂಗದ ಜೀವಾಳ ಇಲ್ಲಿದೆ. ಮದುವೆಯ ಮನೆಯಲ್ಲಿ ಊರವರು ಮುಯ್ಯಿ ಮಾಡುವುದುಂಟಷ್ಟೆ, ಇಂದು ಕೊಟ್ಟವನ ಮನೆಯಲ್ಲಿ ನಾಳೆ ಕಾರ್ಯವಾದರೆ ಪಡೆದವನೂ ಕೊಡುತ್ತಾನೆ, ಪಡೆಯುವುದರಲ್ಲಿ ಅವಮಾನವಿಲ್ಲ. ಹಳೆಯ ಒಡೆಯನೊಬ್ಬನ ಕೈಯಿಂದಲೇ ಪಡೆದರೆ ಅದು ಭಿಕ್ಷೆ. ಅದೇ ಹಣವನ್ನು ಹತ್ತು ಮನೆಯವರು ಕೂಡಿ ತಂದರೆ ಮುಯ್ಯಿ. ತನ್ನ ಏಳಿಗೆಯ ದಿನಗಳಲ್ಲಿ ನಷ್ಟವನ್ನೂ ಲೆಕ್ಕಿಸದೆ ನೆರೆಯ ದ್ವೀಪಗಳಿಗೆ ವಿಮಾನ ಓಡಿಸಿದ್ದ ನೌರುವಿಗೆ ಈ ಭೇದ ಚೆನ್ನಾಗಿ ಗೊತ್ತಿತ್ತು.

ಆಸ್ಟ್ರೇಲಿಯ ಬರಿಗೈಯಲ್ಲಿ ಬರಲಿಲ್ಲ, ಬರಿಗೈಯಲ್ಲಿ ಹೋಗಲೂ ಇಲ್ಲ. 2001ರಲ್ಲಿ, ದೋಣಿಯಲ್ಲಿ ಬಂದ ಆಶ್ರಯಾರ್ಥಿಗಳನ್ನು ತನ್ನ ನೆಲಕ್ಕೆ ಕಾಲಿಡಗೊಡದೆ ನೌರುವಿನಲ್ಲಿರಿಸಲು ಮೊದಲ ಕಂತಾಗಿ 2 ಕೋಟಿ ಡಾಲರಿನ ನೆರವನ್ನು ಅದು ಒಪ್ಪಿಕೊಂಡಿತ್ತು. 2004ರಲ್ಲಿ ನೌರುವಿನ ಹಣಕಾಸು ಇಲಾಖೆಯ ಕಾರ್ಯದರ್ಶಿಯ ಪೀಠದಲ್ಲಿ ಕುಳಿತವನು ಆಸ್ಟ್ರೇಲಿಯದ ಅಧಿಕಾರಿ. ಶಿಬಿರ 2008ರಲ್ಲಿ ಮುಚ್ಚಿ 2012ರಲ್ಲಿ ಮತ್ತೆ ತೆರೆಯಿತು. ದೇಶದ ಆದಾಯದ ಬಹುಪಾಲು, ಇನ್ನೊಂದು ದೇಶ ಒಲ್ಲದ ಮನುಷ್ಯರನ್ನು ಇರಿಸಿಕೊಳ್ಳುವುದರಿಂದ ಬಂದಿತು. ಇದನ್ನು ನೆರವೆನ್ನಬೇಕೋ ಬಾಡಿಗೆಯೆನ್ನಬೇಕೋ!

ನೌರುವೂ ಮುಗ್ಧ ಬಾಲಕನಲ್ಲ. ಜಪ್ತಿಯಾದ ವಿಮಾನದ ಸ್ಥಾನಕ್ಕೆ 2006ರಲ್ಲಿ ಮತ್ತೊಂದು ಬಂದುದು ತೈವಾನಿನ ಹಣದಿಂದ; ಅದಕ್ಕೆ ಮೊದಲು, 2005ರಲ್ಲಿ, ನೌರು ಚೀನಾವನ್ನು ತೊರೆದು ತೈವಾನಿಗೆ ಮನ್ನಣೆ ಕೊಟ್ಟಿತ್ತು. 2024ರ ಜನವರಿಯಲ್ಲಿ ಅದೇ ತೈವಾನನ್ನು ತೊರೆದು ಮರಳಿ ಚೀನಾದ ಕೈಹಿಡಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆಸ್ಟ್ರೇಲಿಯದೊಡನೆ ಒಪ್ಪಂದವಾಗಿ, ಐದು ವರ್ಷಗಳಲ್ಲಿ ಬೊಕ್ಕಸಕ್ಕೆ 10 ಕೋಟಿ ಡಾಲರು ದೊರೆಯುವಂತಾಯಿತು. ಬದಲಿಗೆ ಬ್ಯಾಂಕು, ದೂರಸಂಪರ್ಕಗಳಂತಹ ವಿಷಯಗಳಲ್ಲಿ ಆಸ್ಟ್ರೇಲಿಯಕ್ಕೆ ಮಾತನಾಡುವ ಹಕ್ಕು. ಮಾರಲು ಕಲ್ಲಿಲ್ಲದವನು ಸ್ನೇಹವನ್ನೇ ಮಾರುತ್ತಾನೆಂದು ಮೂದಲಿಸುವುದು ಸುಲಭ. ಹನ್ನೆರಡು ಸಾವಿರ ಜನರ ಅನ್ನದ ಹೊಣೆ ಹೊತ್ತವನಿಗೆ ಮಾರಲು ಇನ್ನೇನಿದೆ ಎಂದು ಹೇಳಿಕೊಡುವುದು ಅಷ್ಟು ಸುಲಭವಲ್ಲ.

ಹಳೆಯ ಅನುಭವದಿಂದ ಕಲಿತದ್ದೂ ಇಲ್ಲದಿಲ್ಲ. 2015ರಲ್ಲಿ ಮುಂದಿನ ಪೀಳಿಗೆಗೆಂದು ಹೊಸ ನಿಧಿಯೊಂದನ್ನು ಸ್ಥಾಪಿಸಿದರು. ನೌರುವಿನೊಡನೆ ನೆರೆಯ ದೇಶಗಳೂ ಏಷ್ಯದ ಅಭಿವೃದ್ಧಿ ಬ್ಯಾಂಕೂ ಕೈಜೋಡಿಸಿದವು. ಆ ಪೆಟ್ಟಿಗೆಯ ಬೀಗದ ಕೈ ನೌರುವಿನವರೊಬ್ಬರ ಬಳಿಯಲ್ಲೇ ಇಲ್ಲ.

ಈಗ ಸಮುದ್ರ ಏರುತ್ತಿದೆ. ಮನೆಗಳು ಇರುವುದು ತೀರದ ಕಿರಿದಾದ ಪಟ್ಟಿಯ ಮೇಲೆ. ಏಕೆಂದರೆ ದ್ವೀಪದ ಸುಮಾರು ಐದರಲ್ಲಿ ನಾಲ್ಕು ಪಾಲು ಅಗೆದ ನೆಲ. ಫಾಸ್ಫೇಟನ್ನು ತೋಡಿದ ಮೇಲೆ ಅಲ್ಲಿ ಉಳಿದಿರುವುದು ಆಳೆತ್ತರವನ್ನೂ ಮೀರಿ ನಿಂತ ಸುಣ್ಣಕಲ್ಲಿನ ಕೂರಂಬುಗಳು. ಕಾಲಿಡಲು ಎಡೆಯಿಲ್ಲ, ಬಿಸಿಲಿಗೆ ಕಾದು ಕೆಂಡವಾಗುವ ಕಾಡು. ಆ ಕೂರಂಬುಗಳನ್ನು ಕಡಿದು ಸಮತಟ್ಟುಮಾಡಿ ಊರನ್ನೇ ಮೇಲಕ್ಕೆ ಸಾಗಿಸಬೇಕೆಂಬುದು ಸರಕಾರದ ಸಂಕಲ್ಪ. ಅದಕ್ಕೆ ಬೇಕಾದ ಹಣಕ್ಕಾಗಿ 2025ರಿಂದ ಪರದೇಶೀಯರಿಗೆ ನೌರುವಿನ ಪೌರತ್ವವನ್ನು ಮಾರಲಾಗುತ್ತಿದೆ. ಮೊದಲ ಮನೆಗಳನ್ನು ಕಟ್ಟಲು ಗೊತ್ತುಮಾಡಿರುವ ಜಾಗಕ್ಕೆ ಹೆಸರು ಕೂಡ ಇನ್ನೂ ಇಲ್ಲ. ಭೂಮಾಪನದ ದಾಖಲೆಯಲ್ಲಿರುವಂತೆ ಅದನ್ನು 230ನೆಯ ತುಂಡು ಎಂದೇ ಕರೆಯುತ್ತಿದ್ದಾರೆ.